ಟೆಂಡರಿಲ್ಲದ ಕಾಲ: ಯುದ್ಧದ ತುರ್ತು ಮತ್ತು ಬೊಕ್ಕಸದ ನೀತಿ



ಯುದ್ಧಕಾಲದಲ್ಲಿ ಸರ್ಕಾರ ಟೆಂಡರ್ ಕರೆಯದೆ ಒಬ್ಬರನ್ನೇ ಕರೆದು ಗುತ್ತಿಗೆ ಕೊಟ್ಟರೆ ಅದು ತಪ್ಪೇ? ಇದು ಈ ಉಪನ್ಯಾಸದ ಪ್ರಶ್ನೆ. ದೆಹಲಿಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಭದ್ರೆಯ ದಡದ ಲಕ್ಕವಳ್ಳಿಯಲ್ಲಿ ಏಕೆ ಕೇಳುತ್ತಿದ್ದೀರಿ ಎಂದು ನೀವು ಹೇಳಬಹುದು. ಆದರೆ ಇಲ್ಲಿ ಅಣೆಕಟ್ಟು ಏಳತೊಡಗಿದ ಕಾಲದಿಂದ ಗುತ್ತಿಗೆ, ಟೆಂಡರು, ಅಳತೆ ಪುಸ್ತಕ, ಬಿಲ್ಲು ಎಂಬ ಮಾತುಗಳು ಈ ಊರಿನ ದಿನಬಳಕೆಯಲ್ಲಿವೆ. ಭದ್ರಾ ಮೇಲ್ದಂಡೆ ಕಾಮಗಾರಿಯಂತೂ ಆ ನುಡಿಗಟ್ಟನ್ನು ಮುಂದಿನ ಪೀಳಿಗೆಗೂ ಕಲಿಸಿದೆ. ಅಷ್ಟೇ ಅಲ್ಲ. ಇಲ್ಲಿಂದ ಅಜ್ಜಂಪುರಕ್ಕೆ ಹೋದರೆ, ಸೈನ್ಯಕ್ಕೆ ಬೇಕಾದ್ದನ್ನು ಹೊತ್ತಿಗೆ ಸರಿಯಾಗಿ ಒದಗಿಸುವುದು ಹೇಗೆ ಎಂಬ ಪ್ರಶ್ನೆಗೆ ಮೈಸೂರು ಸೀಮೆ ಮೂರು ಶತಮಾನಗಳ ಹಿಂದೆ ಕಂಡುಕೊಂಡ ಉತ್ತರ ಇಂದಿಗೂ ಕಾವಲಿನಲ್ಲಿ ಮೇಯುತ್ತಿದೆ. ಅದರ ಮಾತಿಗೆ ಆಮೇಲೆ ಬರುತ್ತೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ತುರ್ತಿನಲ್ಲಿ ಟೆಂಡರನ್ನು ಬಿಡುವುದು ಅನೀತಿಯಲ್ಲ. ಕೆಲವೊಮ್ಮೆ ಬಿಡದಿರುವುದೇ ಅನೀತಿ. ಆದರೆ ಪೈಪೋಟಿಯ ಜೊತೆಗೆ ಲೆಕ್ಕವನ್ನೂ ಬಿಟ್ಟುಬಿಡುವುದು, ತುರ್ತು ತೀರಿದ ಮೇಲೂ ವಿನಾಯಿತಿಯನ್ನು ಮುಂದುವರಿಸುವುದು, ಇವೆರಡೇ ನಿಜವಾದ ತಪ್ಪುಗಳು. ಹಗರಣಗಳೆಂದು ನಾವು ಹೆಸರಿಟ್ಟು ಕರೆಯುವ ಹೆಚ್ಚಿನ ಪ್ರಕರಣಗಳಲ್ಲಿ ಎಡವಿರುವುದು ಈ ಎರಡು ಕಡೆಗಳಲ್ಲೇ.

ಟೆಂಡರು ಏತಕ್ಕೆ ಬೇಕು? ಕಡಿಮೆ ದರ ಸಿಗಲಿ ಎಂದು, ಎನ್ನುವುದು ಸಾಮಾನ್ಯ ಉತ್ತರ. ಅದು ಮೂರರಲ್ಲಿ ಒಂದು ಪಾಲು. ಸರ್ಕಾರದ ಹಣದ ಕೆಲಸದಲ್ಲಿ ಯೋಗ್ಯರೆಲ್ಲರಿಗೂ ಸಮಾನ ಅವಕಾಶವಿರಬೇಕು ಎಂಬುದು ಎರಡನೆಯದು. ಇದನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1979ರ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲಿ ಸಂವಿಧಾನದ ಸಮಾನತೆಯ ವಿಧಿಗೆ ಜೋಡಿಸಿ ಸ್ಪಷ್ಟಪಡಿಸಿತು. ಮೂರನೆಯದನ್ನು ನಾವು ಮರೆಯುತ್ತೇವೆ. ಟೆಂಡರು ಒಂದು ದಾಖಲೆ. ಯಾರು ಎಷ್ಟು ಕೇಳಿದರು, ಯಾರಿಗೆ ಏಕೆ ಕೊಟ್ಟೆವು ಎಂಬುದು ಕಡತದಲ್ಲಿ ಉಳಿಯುತ್ತದೆ, ನಾಳೆ ಯಾರಾದರೂ ತೆಗೆದು ನೋಡಬಹುದು. ಯುದ್ಧ ಬಂದಾಗ ಮೊದಲನೆಯದನ್ನು ಬಿಡಬೇಕಾಗುತ್ತದೆ, ಏಕೆಂದರೆ ಬೇಕಾದ ವಸ್ತುವಿನ ಬೆಲೆ ಏರಿಯೇ ಇರುತ್ತದೆ. ಎರಡನೆಯದನ್ನೂ ಬಿಡಬೇಕಾಗಬಹುದು, ಏಕೆಂದರೆ ಎಲ್ಲರನ್ನೂ ಕರೆದು ಕೂರಿಸಲು ಹೊತ್ತಿರುವುದಿಲ್ಲ. ಮೂರನೆಯದನ್ನು ಬಿಡಲು ಮಾತ್ರ ಯಾವ ಯುದ್ಧವೂ ಕಾರಣವಾಗದು. ಒಂದು ಹಾಳೆಯಲ್ಲಿ ಕಾರಣ ಬರೆದು ಸಹಿ ಹಾಕಲು ಎಷ್ಟು ಹೊತ್ತು ಬೇಕು?

ಹೊತ್ತಿನ ಲೆಕ್ಕವನ್ನೂ ನೋಡೋಣ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ 1999ರದು. ಅದರಡಿ ಬಂದ 2000ದ ಮೂಲ ನಿಯಮಗಳಲ್ಲಿ ಎರಡು ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕೂ ಹೆಚ್ಚಿನದಕ್ಕೆ 60 ದಿನ ಕಾಲಾವಕಾಶ ಕೊಡಬೇಕೆಂದಿತ್ತು. ಆಮೇಲೆ ಪರಿಶೀಲನೆ, ಮಂಜೂರಾತಿ, ಕರಾರು. ಕಾರ್ಗಿಲ್ ಕದನ ನಡೆದದ್ದೇ 1999ರ ಮೇ ತಿಂಗಳಿಂದ ಜುಲೈ 26ರವರೆಗೆ. ಅಂಥ ಹೊತ್ತಿನಲ್ಲಿ ಹಿಮದಲ್ಲಿ ನಿಂತ ಸೈನಿಕನ ಬೂಟಿಗೆ 60 ದಿನ ಕಾಯಿರಿ ಎಂದು ಯಾರೂ ಹೇಳಲಾರರು. ಆದ್ದರಿಂದ ಎಲ್ಲ ಕಾನೂನುಗಳೂ ಒಂದು ಕಿಂಡಿ ಬಿಟ್ಟಿವೆ. ಕಿಂಡಿ ಇರುವುದು ತಪ್ಪಲ್ಲ.

ಈಗ ನಮ್ಮ ನೆಲದ ಹಳೆಯ ಉದಾಹರಣೆಯೊಂದಕ್ಕೆ ಬರುತ್ತೇನೆ. ವಿಜಯನಗರಕ್ಕೆ ಯುದ್ಧವೆಂದರೆ ಕುದುರೆ. ಒಳ್ಳೆಯ ಕುದುರೆ ಬರುತ್ತಿದ್ದುದು ಕಡಲಾಚೆಯ ಹೊರ್ಮುಜ್‌ನಿಂದ. ಹದಿನಾರನೆಯ ಶತಮಾನದಲ್ಲಿ ಆ ಕಡಲ ದಾರಿ ಪೋರ್ಚುಗೀಸರ ಕೈಯಲ್ಲಿತ್ತು. 1547ರಲ್ಲಿ ವಿಜಯನಗರ ಅವರೊಡನೆ ಮಾಡಿಕೊಂಡ ಒಪ್ಪಂದದ ತಿರುಳೇ ಇದು: ಗೋವೆಗೆ ಬಂದ ಕುದುರೆ ನಮಗೆ ಮಾತ್ರ, ಬಿಜಾಪುರಕ್ಕಿಲ್ಲ. ಒಬ್ಬನೇ ಮಾರುವವ, ಒಬ್ಬನೇ ಕೊಳ್ಳುವವ. ಇಂದಿನ ಕಚೇರಿ ಭಾಷೆಯಲ್ಲಿ ಇದು ಏಕಮೂಲ ಖರೀದಿ. ಬೇರೆ ಮಾರುವವರೇ ಇಲ್ಲದಿರುವಾಗ ಪೈಪೋಟಿ ಎಲ್ಲಿಂದ ಬರಬೇಕು?

ಆದರೆ ಅದೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ನೂನಿಜ್, ಅವನೂ ಕುದುರೆ ವ್ಯಾಪಾರಿಯೇ, ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಹಿಂದೆ ಸಾಳುವ ನರಸಿಂಹನ ಕಾಲದಲ್ಲಿ ಕುದುರೆಗಳನ್ನು ಸತ್ತವೂ ಬದುಕಿದವೂ ಸೇರಿಸಿಯೇ ಕೊಳ್ಳುತ್ತಿದ್ದರಂತೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಹಣ ಸಂದಾಯವಾಗುತ್ತಿತ್ತು. ವಿದೇಶಿ ವ್ಯಾಪಾರಿಯ ಮಾತಿನಲ್ಲಿ ಉತ್ಪ್ರೇಕ್ಷೆ ಎಷ್ಟಿದೆಯೋ, ಅದು ಬೇರೆ ವಿಷಯ. ಅರಸನಿಗೂ ತನ್ನದೇ ಲೆಕ್ಕಾಚಾರವಿದ್ದೀತು. ವ್ಯಾಪಾರಿಗೆ ನಷ್ಟದ ಭಯವಿಲ್ಲದಿದ್ದರೆ ಹೆಚ್ಚು ಕುದುರೆ ತಂದಾನು, ಶತ್ರುವಿನ ಕಡೆ ಹೋಗನು. ಆದರೂ ಕರಾರಿನ ಹುರುಳು ನೋಡಿ. ಬಾಲಕ್ಕೂ ದುಡ್ಡು ಸಿಗುವುದಾದರೆ ಹಡಗಿನಲ್ಲಿ ಕುದುರೆಗೆ ನೀರು ಕುಡಿಸುವ ಕಾಳಜಿ ಯಾರಿಗಿರುತ್ತದೆ? ಮಾರುವವ ಒಬ್ಬನೇ ಎಂಬುದು ಅನಿವಾರ್ಯ. ನಷ್ಟವೆಲ್ಲ ಬೊಕ್ಕಸದ ತಲೆಗೆ ಎಂಬ ಷರತ್ತು ಅನಿವಾರ್ಯವಲ್ಲ, ಅದು ಆಯ್ಕೆ. ಅನಿವಾರ್ಯವನ್ನು ತೋರಿಸಿ ಆಯ್ಕೆಯನ್ನು ಒಳಗೆ ಸಾಗಿಸುವುದು ಈ ಕ್ಷೇತ್ರದ ಅತ್ಯಂತ ಹಳೆಯ ಜಾಣತನ.

ಇನ್ನು ಅಜ್ಜಂಪುರದ ಅಮೃತ ಮಹಲ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಆರಂಭವಾದ ಅರಮನೆಯ ದನಗಳ ಇಲಾಖೆಯನ್ನು ಹೈದರಾಲಿ ಸೈನ್ಯದ ಬೆನ್ನೆಲುಬಾಗಿಸಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು, ಕಾವಲುಗಳೆಂಬ ಹುಲ್ಲುಗಾವಲುಗಳನ್ನು ಗೊತ್ತುಪಡಿಸಿ, ತಳಿ ಮತ್ತು ಪಾಲನೆಗೆ ಕಟ್ಟಳೆ ಮಾಡಿದ. ತೋಪು ಎಳೆಯುವುದು, ಮದ್ದುಗುಂಡು, ದವಸ ಸಾಗಿಸುವುದು ಈ ತಳಿಯ ಎತ್ತುಗಳ ಕೆಲಸ. ಚಿದಂಬರದ ನೆರವಿಗೆ ಹೈದರನ ಪಡೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿತೆಂದು ಹಳೆಯ ಗೆಜೆಟಿಯರುಗಳು ಬರೆದಿರುವುದು ಈ ಎತ್ತುಗಳ ಬಲದ ಮೇಲೆ. 1799ರ ನಂತರ ಆರ್ಥರ್ ವೆಲ್ಲೆಸ್ಲಿ ದಖನ್ನಿನ ದಂಡಯಾತ್ರೆಗಳಿಗೆ ಇವನ್ನೇ ನೆಚ್ಚಿದ.

ಆ ಕಾಲದ ಸೈನ್ಯಗಳು ಸಾಮಾನ್ಯವಾಗಿ ಎತ್ತುಗಳನ್ನು ಬಾಡಿಗೆ ಗುತ್ತಿಗೆದಾರರಿಂದ ಪಡೆಯುತ್ತಿದ್ದವು. ಯುದ್ಧ ಘೋಷಣೆಯಾದ ದಿನ ಬಾಡಿಗೆ ಏರುವುದು ಸಹಜ. ಮೈಸೂರು ಆ ದಿನ ಯಾರ ಮನೆ ಬಾಗಿಲಿಗೂ ಹೋಗಬೇಕಿರಲಿಲ್ಲ, ಎತ್ತುಗಳು ತನ್ನ ಕಾವಲಿನಲ್ಲೇ ಇದ್ದವು. ಟೆಂಡರ್ ಕರೆಯಬೇಕೋ ಬೇಡವೋ ಎಂಬ ಧರ್ಮಸಂಕಟವೇ ಅದಕ್ಕೆ ಬರಲಿಲ್ಲ. ಬರದಂತೆ ಶಾಂತಿಕಾಲದಲ್ಲೇ ನೋಡಿಕೊಂಡಿತ್ತು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1860ರಲ್ಲಿ, ಖರ್ಚು ಉಳಿಸುವ ಭರದಲ್ಲಿ, ಬ್ರಿಟಿಷ್ ಆಡಳಿತ ಈ ಹಿಂಡುಗಳನ್ನು ಹರಾಜು ಹಾಕಿ ಇಲಾಖೆಯನ್ನೇ ಮುಚ್ಚಿತು. ಸೈನ್ಯಕ್ಕೆ ತಕ್ಕ ಎತ್ತುಗಳು ಸಿಗುವುದು ಕಷ್ಟವಾದಾಗ, 1866ರಲ್ಲಿ ಮಾರಿದ್ದನ್ನೇ ಮತ್ತೆ ಕೂಡಿಸಿ ಕಟ್ಟಬೇಕಾಯಿತು. ಪಾರದರ್ಶಕವಾಗಿ ನಡೆದ ಹರಾಜು ಕೂಡ ಅವಿವೇಕದ ಹರಾಜಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಕಾವಲುಗಳ ವೆಚ್ಚವನ್ನು ಭರಿಸಿದವರಲ್ಲಿ ಸುತ್ತಲ ಹಳ್ಳಿಗರೂ ಇದ್ದರು. ತಮ್ಮ ದನಗಳಿಗೆ ಆ ಹುಲ್ಲು ಸಿಗದ ಕೊರಗು ಅವರದಾಗಿತ್ತು. ಮುಂಜಾಗ್ರತೆ ಪುಕ್ಕಟೆ ಬರುವುದಿಲ್ಲ. ಆದರೆ ಅದರ ಬೆಲೆ ಶಾಂತಿಕಾಲದಲ್ಲಿ ಕಣ್ಣಿಗೆ ಕಾಣುತ್ತದೆ, ಚರ್ಚೆಗೆ ಸಿಗುತ್ತದೆ. ತುರ್ತಿನ ಖರೀದಿಯ ಬೆಲೆ ಯುದ್ಧ ಮುಗಿದು ಬಹಳ ಕಾಲದ ಮೇಲೆ ಲೆಕ್ಕಪರಿಶೋಧನಾ ವರದಿಯಲ್ಲಿ ಕಾಣುತ್ತದೆ. ನೀತಿಯ ದೃಷ್ಟಿಯಿಂದ ಹೀಗೆ ಹೇಳಬಹುದು: ತುರ್ತು ಖರೀದಿಯ ತಪ್ಪು ಬಹಳ ಸಲ ಖರೀದಿಯ ದಿನ ನಡೆದಿರುವುದಿಲ್ಲ, ಅದಕ್ಕೆ ಐದು ಹತ್ತು ವರ್ಷ ಮೊದಲೇ, ಯಾರೂ ಏನೂ ಮಾಡದ ದಿನಗಳಲ್ಲಿ ನಡೆದಿರುತ್ತದೆ.

ಎರಡನೆಯ ಮಹಾಯುದ್ಧಕ್ಕೆ ಬರೋಣ. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್, ಮಿರ್ಜಾ ಇಸ್ಮಾಯಿಲ್ ದಿವಾನಗಿರಿಯ ಮೈಸೂರು ಸರ್ಕಾರ, ಅಮೆರಿಕದ ವಿಲಿಯಂ ಪಾಲಿ ಸೇರಿ ಕಟ್ಟಿದ ಕಾರ್ಖಾನೆ ಅದು. ವಿಮಾನಗಳ ಆದೇಶ ಕೊಟ್ಟದ್ದು ಭಾರತ ಸರ್ಕಾರ. ಪೈಪೋಟಿ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ, ದೇಶದಲ್ಲಿ ವಿಮಾನ ಕಟ್ಟುವ ಇನ್ನೊಂದು ಕಾರ್ಖಾನೆ ಎಲ್ಲಿತ್ತು? 1941ರಲ್ಲಿ ಭಾರತ ಸರ್ಕಾರ ತಾನೂ ಷೇರುದಾರನಾಯಿತು. 1942ರಲ್ಲಿ ಜಪಾನಿನ ಭಯ ಬಾಗಿಲಿಗೆ ಬಂದಾಗ ವಾಲ್‌ಚಂದ್ ಅವರ ಪಾಲನ್ನು ಕೊಂಡು ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಆ ಖರೀದಿಯನ್ನು ರಾಷ್ಟ್ರೀಯ ಉದ್ಯಮಿಯೊಬ್ಬರನ್ನು ಹೊರಗಟ್ಟಿದ ವಸಾಹತು ತಂತ್ರವೆಂದು ಟೀಕಿಸಬಹುದು, ಆ ಟೀಕೆಯಲ್ಲಿ ಹುರುಳಿದೆ. ನನ್ನ ವಾದಕ್ಕೆ ಬೇಕಾದ್ದು ಇಷ್ಟು: ಹೊರಗಿನ ಪೈಪೋಟಿ ಬೆಲೆಯನ್ನು ಕಾಯಲಾರದ ಕಡೆ, ಕೊಳ್ಳುವ ಸರ್ಕಾರ ಒಳಗೆ ಹೋಗಿ ಕೂತು ಲೆಕ್ಕ ನೋಡಬೇಕು.

ಬೇರೆ ಇಲಾಖೆಗಳಲ್ಲಿ ಹಾಗೆ ನೋಡಿದವರು ಕಡಿಮೆ. ಕಂಬಳಿ, ಡೇರೆ, ಮರಮಟ್ಟು, ಬೂಟು ಎಲ್ಲವೂ ಅವಸರದಲ್ಲಿ ಖರೀದಿಯಾದವು, ಲಂಚ ಮಿತಿಮೀರಿತು. 1941ರಲ್ಲಿ ಭಾರತ ಸರ್ಕಾರ ಯುದ್ಧ ಮತ್ತು ಪೂರೈಕೆ ಇಲಾಖೆಯ ಭ್ರಷ್ಟಾಚಾರವನ್ನೇ ತನಿಖೆ ಮಾಡಲು ವಿಶೇಷ ಪೊಲೀಸ್ ದಳವೊಂದನ್ನು ಹುಟ್ಟುಹಾಕಿತು. 1963ರಲ್ಲಿ ಸಿಬಿಐ ಆದದ್ದು ಅದೇ ದಳ. ಇಂದು ಪ್ರತಿ ಹಗರಣಕ್ಕೂ ನಾವು ಕೂಗುವ ಸಂಸ್ಥೆಯ ತಾಯಿಬೇರು ಯುದ್ಧಕಾಲದ ಗುತ್ತಿಗೆಗಳಲ್ಲಿದೆ. ಭ್ರಷ್ಟಾಚಾರ ತಡೆಯ ಬಗ್ಗೆ 1964ರಲ್ಲಿ ವರದಿ ಕೊಟ್ಟ ಸಂತಾನಂ ಸಮಿತಿಯೂ ಯುದ್ಧದ ಅಪಾರ ಖರ್ಚು ಹಿಂದೆಂದೂ ಇಲ್ಲದ ಅವಕಾಶಗಳನ್ನು ತೆರೆಯಿತೆಂದು ಗುರುತಿಸಿದೆ.

ಅದೇ ಹೊತ್ತಿಗೆ ಅಮೆರಿಕ ಹಿಡಿದ ದಾರಿ ಗಮನಾರ್ಹ. ಅವರೂ 1941ರ ಕೊನೆಯಲ್ಲಿ ಟೆಂಡರಿಲ್ಲದೆ ಗುತ್ತಿಗೆ ಕೊಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟರು. ಆದರೆ ಖರ್ಚಾದಷ್ಟಕ್ಕೂ ಶೇಕಡಾವಾರು ಲಾಭ ಎಂಬ ಕರಾರನ್ನು ನಿಷೇಧಿಸಿದರು, ಏಕೆಂದರೆ ಅದರಲ್ಲಿ ಖರ್ಚು ಹೆಚ್ಚಿದಷ್ಟೂ ಗುತ್ತಿಗೆದಾರನಿಗೆ ಲಾಭ. ಕುದುರೆ ಬಾಲದ ಕರಾರಿನ ಹತ್ತಿರದ ಬಂಧು ಅದು. ಸೆನೆಟರ್ ಟ್ರೂಮನ್ ನೇತೃತ್ವದ ಸಮಿತಿ ಯುದ್ಧ ನಡೆಯುತ್ತಿರುವಾಗಲೇ ಕಾರ್ಖಾನೆಗಳಿಗೆ ಹೋಗಿ ವಿಚಾರಣೆ ಮಾಡಿತು. 1942ರಲ್ಲಿ ಬಂದ ಇನ್ನೊಂದು ಕಾಯ್ದೆಯಂತೂ ಗುತ್ತಿಗೆದಾರ ಅತಿಯಾದ ಲಾಭ ಮಾಡಿಕೊಂಡಿದ್ದರೆ ಬೆಲೆಯನ್ನು ಮತ್ತೆ ಮಾತಾಡಿ ಹೆಚ್ಚುವರಿಯನ್ನು ವಸೂಲು ಮಾಡಲು ಅವಕಾಶ ಕೊಟ್ಟಿತು. ಮೊದಲು ಸಾಮಾನು ತನ್ನಿ, ಬೆಲೆಯ ನ್ಯಾಯವನ್ನು ಆಮೇಲೆ ತೀರ್ಮಾನಿಸೋಣ ಎಂಬ ಈ ಕ್ರಮ ನನಗೆ ಅತ್ಯಂತ ವಿವೇಕದ್ದಾಗಿ ಕಾಣುತ್ತದೆ.

ಸ್ವತಂತ್ರ ಭಾರತ ಆ ಪಾಠ ಕಲಿಯಿತೇ? 1948ರಲ್ಲಿ ಕಾಶ್ಮೀರದ ಯುದ್ಧಕ್ಕೆಂದು ಲಂಡನ್ನಿನಲ್ಲಿ ಹೈಕಮಿಷನರ್ ಕೃಷ್ಣ ಮೆನನ್ ಮಾಮೂಲು ಕ್ರಮ ಬಿಟ್ಟು ಜೀಪುಗಳಿಗೆ ಒಪ್ಪಂದ ಮಾಡಿಕೊಂಡರು. ಜೀಪುಗಳು ಬಂದದ್ದು 1949ರ ಕದನವಿರಾಮದ ನಂತರ. ಬಂದವು 155, ಅವೂ ಬಳಕೆಗೆ ಬಾರದವು. 1955ರಲ್ಲಿ ಸರ್ಕಾರ ಪ್ರಕರಣ ಮುಗಿಯಿತೆಂದು ಘೋಷಿಸಿತು. ಮರುವರ್ಷ ಮೆನನ್ ಕೇಂದ್ರ ಸಂಪುಟ ಸೇರಿದರು. ವ್ಯಕ್ತಿಯ ಪ್ರಾಮಾಣಿಕತೆಯ ಚರ್ಚೆ ನನಗೆ ಬೇಡ. ಯುದ್ಧಕ್ಕೆಂದು ಕೊಂಡದ್ದು ಯುದ್ಧಕ್ಕೆ ಬರಲಿಲ್ಲ ಎಂಬ ಒಂದೇ ಅಂಶ ಸಾಕು.

ಅರ್ಧ ಶತಮಾನದ ಮೇಲೆ ಅದೇ ಅಂಶ ದೊಡ್ಡ ಅಳತೆಯಲ್ಲಿ ಮರಳಿತು. ಕಾರ್ಗಿಲ್ ಕಾರ್ಯಾಚರಣೆಯಾದ ಆಪರೇಷನ್ ವಿಜಯ್ ಹೆಸರಿನಲ್ಲಿ ನಡೆದ ಖರೀದಿಗಳನ್ನು ಪರಿಶೀಲಿಸಿದ ಮಹಾಲೇಖಪಾಲರ ವರದಿ 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂತು. ತುರ್ತಿನ ನೆಪದಲ್ಲಿ ಕ್ರಮಗಳನ್ನು ಸಡಿಲಿಸಿ ತರಿಸಿದ ಸಾಮಗ್ರಿಯ ಬಹುಪಾಲು ಕದನ ನಿಂತ ಮೇಲೆ ಬಂದಿತ್ತು ಎಂಬುದು ಅದರ ಮುಖ್ಯ ಆಕ್ಷೇಪ. ಪತ್ರಿಕೆಗಳು ಹಿಡಿದುಕೊಂಡದ್ದು ಮಾತ್ರ ಶವಪೆಟ್ಟಿಗೆಯನ್ನು. ಅಮೆರಿಕದ ಕಂಪನಿಯಿಂದ ತಲಾ 2,500 ಡಾಲರಿನಂತೆ 500 ಪೆಟ್ಟಿಗೆಗಳಿಗೆ ಒಪ್ಪಂದ, ಬಂದ ಪೆಟ್ಟಿಗೆಗಳ ತೂಕದ ತಕರಾರು, ಸಂಸತ್ತಿನಲ್ಲಿ ಗದ್ದಲ. ರಕ್ಷಣಾ ಸಚಿವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ವರ್ಷಗಟ್ಟಲೆ ಅವರನ್ನು ಶವಪೆಟ್ಟಿಗೆಯ ಹೆಸರಿನಿಂದಲೇ ಹಂಗಿಸಿದರು. ಸಿಬಿಐ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. 2013ರಲ್ಲಿ ವಿಶೇಷ ನ್ಯಾಯಾಲಯ ಉಳಿದ ಆರೋಪಿಗಳನ್ನೂ ಕೈಬಿಟ್ಟಿತು.

ಇಲ್ಲಿ ನಿಂತು ಯೋಚಿಸಬೇಕು. ನ್ಯಾಯಾಲಯ ಕೇಳುವುದು ಅಪರಾಧ ನಡೆಯಿತೇ ಎಂದು. ಲೆಕ್ಕಪರಿಶೋಧಕ ಕೇಳಿದ್ದು ತುರ್ತು ನಿಜವಾಗಿತ್ತೇ ಎಂದು. ಎರಡೂ ಬೇರೆ ಪ್ರಶ್ನೆಗಳು. ಅಪರಾಧವಿಲ್ಲ ಎಂದ ಮಾತ್ರಕ್ಕೆ ತುರ್ತು ಇತ್ತು ಎಂದಾಗುವುದಿಲ್ಲ, ತುರ್ತು ಇರಲಿಲ್ಲ ಎಂದ ಮಾತ್ರಕ್ಕೆ ಯಾರೋ ಕದ್ದರು ಎಂದೂ ಆಗುವುದಿಲ್ಲ. ನಮ್ಮ ಸಾರ್ವಜನಿಕ ಚರ್ಚೆಗೆ ಕಳ್ಳ ಬೇಕು. ಕಳ್ಳ ಸಿಗದಿದ್ದರೆ ವಿಷಯವನ್ನೇ ಬಿಟ್ಟುಬಿಡುತ್ತೇವೆ. ಹೀಗಾಗಿ ಪೆಟ್ಟಿಗೆಯ ಗದ್ದಲದಲ್ಲಿ ಬೂಟು, ಬಟ್ಟೆ, ಮದ್ದುಗುಂಡು ಏಕೆ ಮೊದಲೇ ದಾಸ್ತಾನಿನಲ್ಲಿ ಇರಲಿಲ್ಲ ಎಂಬ ಅಮೃತ ಮಹಲಿನ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ವಿನಾಯಿತಿಯ ಅವಧಿ ಎಷ್ಟಿರಬೇಕೆಂಬ ಪ್ರಶ್ನೆಗೆ 2003ರ ಇರಾಕ್ ಯುದ್ಧದ ಪ್ರಸಂಗ ಕನ್ನಡಿ ಹಿಡಿಯುತ್ತದೆ. ಅಲ್ಲಿನ ತೈಲ ವ್ಯವಸ್ಥೆಯ ದುರಸ್ತಿಗೆ ಅಮೆರಿಕದ ಸೇನೆ ಹ್ಯಾಲಿಬರ್ಟನ್‌ನ ಅಂಗಸಂಸ್ಥೆಯಾದ ಕೆಬಿಆರ್ ಕಂಪನಿಗೆ ಟೆಂಡರಿಲ್ಲದೆ ಗುತ್ತಿಗೆ ಕೊಟ್ಟಿತು, ಗರಿಷ್ಠ ಮಿತಿ 700 ಕೋಟಿ ಡಾಲರ್. ಸೇನೆಯ ಎಂಜಿನಿಯರ್ ವಿಭಾಗದಲ್ಲಿ ಗುತ್ತಿಗೆಗಳ ಉನ್ನತಾಧಿಕಾರಿಯಾಗಿದ್ದ ಬನಟೀನ್ ಗ್ರೀನ್‌ಹೌಸ್ ಆಕ್ಷೇಪಿಸಿದರು. ಅವರು ತುರ್ತನ್ನು ಅಲ್ಲಗಳೆಯಲಿಲ್ಲ. ಅವಧಿ ಒಂದು ವರ್ಷ ಮೀರಬಾರದು, ಮೀರಿದರೆ ಪೈಪೋಟಿಗೆ ಮನಸ್ಸೇ ಇಲ್ಲವೆಂಬ ಅನುಮಾನ ಬರುತ್ತದೆ ಎಂಬ ಅರ್ಥದ ಟಿಪ್ಪಣಿಯನ್ನು ತಮ್ಮ ಸಹಿಯ ಪಕ್ಕದಲ್ಲಿ ಕೈಯಾರೆ ಬರೆದರು. 2005ರಲ್ಲಿ ಅವರಿಗೆ ಹಿಂಬಡ್ತಿಯಾಯಿತು. 2011ರಲ್ಲಿ ಸರ್ಕಾರ 9.7 ಲಕ್ಷ ಡಾಲರ್ ಕೊಟ್ಟು ಅವರೊಡನೆ ರಾಜಿ ಮಾಡಿಕೊಂಡಿತು. ವಿನಾಯಿತಿಗೆ ಮುಕ್ತಾಯದ ದಿನಾಂಕವಿರಬೇಕು ಎಂಬ ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಬೆಲೆ ತೆತ್ತರು.

ಈಗ ನಮ್ಮ ರಾಜ್ಯಕ್ಕೆ ಮರಳೋಣ. ಕರ್ನಾಟಕಕ್ಕೆ ಸೈನ್ಯವಿಲ್ಲ, ಯುದ್ಧವಿಲ್ಲ. ಆದರೂ ನಮ್ಮ ಪಾರದರ್ಶಕತೆ ಕಾಯ್ದೆಯ 4ನೇ ಕಲಮಿನಲ್ಲಿ ವಿನಾಯಿತಿಗಳ ಪಟ್ಟಿಯೇ ಇದೆ. 4(ಎ) ಪ್ರಕಾರ ಪ್ರಕೃತಿ ವಿಕೋಪ ಅಥವಾ ಸರ್ಕಾರ ಘೋಷಿಸಿದ ತುರ್ತು ಸ್ಥಿತಿಯಲ್ಲಿ ಟೆಂಡರ್ ಬೇಕಿಲ್ಲ. ಏಕಮೂಲ ಖರೀದಿಗೆ 4(ಬಿ) ಇದೆ, ಅದಕ್ಕೆ ಮೂವರು ತಜ್ಞರ ಸಮಿತಿ ಪರಿಶೀಲಿಸಬೇಕೆಂಬ ಕಟ್ಟೂ ಇದೆ. ಇವೆರಡರಲ್ಲಿ ಕಾರಣವನ್ನು ಕಾಯ್ದೆಯೇ ಹೇಳುತ್ತದೆ. 4(ಜಿ) ಹಾಗಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿದ ನಿರ್ದಿಷ್ಟ ಖರೀದಿಗೆ ವಿನಾಯಿತಿ ಎನ್ನುತ್ತದೆ, ಯಾವ ಕಾರಣಕ್ಕೆ ಎಂದು ಹೇಳುವುದಿಲ್ಲ. ‘4ಜಿ ವಿನಾಯಿತಿ’ ಎಂಬ ಮಾತು ತಾಲ್ಲೂಕು ಕಚೇರಿಯ ಪಡಸಾಲೆಯಲ್ಲೂ ಕೇಳಿಬರುತ್ತದೆ. ಮೊಬೈಲಿನ 4ಜಿಗಿಂತ ಮೊದಲೇ ನಮ್ಮ ಗುತ್ತಿಗೆದಾರರಿಗೆ ಈ 4ಜಿ ಗೊತ್ತಿತ್ತು. ಯುದ್ಧಕ್ಕೆಂದು ಕಲ್ಪಿಸಿಕೊಳ್ಳಬಹುದಾದ ವಿನಾಯಿತಿ ಶಾಂತಿಕಾಲದ ಕಟ್ಟಡ ಕಾಮಗಾರಿಗೂ ಸಿಗುವುದಾದರೆ, ದೊಡ್ಡ ಕೆಲಸವನ್ನು ಚೂರು ಮಾಡಿ ಹಂಚುವ ತುಂಡು ಗುತ್ತಿಗೆಗೂ ಅದಕ್ಕೂ ನೀತಿಯಲ್ಲಿ ಏನು ವ್ಯತ್ಯಾಸ?

ಸರ್ವೋಚ್ಚ ನ್ಯಾಯಾಲಯ 2006ರ ಮೀರತ್ ನಗರ ನಿಗಮದ ಪ್ರಕರಣದಲ್ಲಿ ಟೆಂಡರ್ ಬಿಡುವುದು ಅಪರೂಪದ ಸಂದರ್ಭಕ್ಕೆ ಮಾತ್ರ ಎಂದು ಹೇಳಿ, ಪ್ರಕೃತಿ ವಿಕೋಪ, ಘೋಷಿತ ತುರ್ತು, ಏಕಮೂಲ ಇವನ್ನು ಹೆಸರಿಸಿತು. 2012ರಲ್ಲಿ ರಾಷ್ಟ್ರಪತಿಗಳ ಪ್ರಶ್ನೆಗೆ ಉತ್ತರಿಸುತ್ತಾ, ನೈಸರ್ಗಿಕ ಸಂಪನ್ಮೂಲಗಳ ಹಂಚಿಕೆಗೆ ಹರಾಜೊಂದೇ ದಾರಿ ಎಂದು ಸಂವಿಧಾನ ಹೇಳಿಲ್ಲ ಎಂದಿತು. ಎರಡನ್ನೂ ಕೂಡಿಸಿ ಓದಬೇಕು. ದಾರಿ ಒಂದೇ ಅಲ್ಲ, ಆದರೆ ಬೇರೆ ದಾರಿ ಹಿಡಿದವನು ಕಾರಣ ಹೇಳಬೇಕು.

2020ರಲ್ಲಿ ಕೋವಿಡ್ ಬಂದಾಗ ಜಗತ್ತಿನ ಆಳುವವರಲ್ಲಿ ಹಲವರು ಅದನ್ನು ಯುದ್ಧವೆಂದೇ ಕರೆದರು. ಖರೀದಿಯೂ ಯುದ್ಧದ ರೀತಿಯಲ್ಲೇ ನಡೆಯಿತು. ಬ್ರಿಟನ್ನಿನಲ್ಲಿ ಪ್ರಭಾವಿಗಳು ಶಿಫಾರಸು ಮಾಡಿದ ಕಂಪನಿಗಳಿಗೆ ಬೇರೆಯದೇ ಸಾಲು ಮಾಡಿದ್ದು ಕಾನೂನುಬಾಹಿರವೆಂದು 2022ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟ್ ತೀರ್ಪಿತ್ತಿತು. ನಮ್ಮಲ್ಲಿ ಕೋವಿಡ್ ಖರೀದಿಗಳ ವಿಚಾರಣೆಗೆ 2023ರಲ್ಲಿ ನೇಮಕವಾದ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ’ಕುನ್ಹಾ ಆಯೋಗ ಮರುವರ್ಷ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಅದರ ನಿರ್ಣಯಗಳು ರಾಜಕೀಯ ವಾಗ್ವಾದದ ವಸ್ತುವಾಗಿರುವುದರಿಂದ ನಾನು ತೀರ್ಪುಗಾರನಾಗಲಾರೆ. ಒಂದು ಮಾತು ಹೇಳಬಲ್ಲೆ. ಒಂದು ಸರ್ಕಾರದ ತುರ್ತನ್ನು ಅದರ ಎದುರಾಳಿಗಳ ಸರ್ಕಾರ ಮೂರು ವರ್ಷದ ಮೇಲೆ ವಿಚಾರಣೆಗೆ ಒಡ್ಡುವ ಕ್ರಮದಲ್ಲಿ, ಪರಿಶೀಲನೆ ಎಷ್ಟೇ ನಿಷ್ಪಕ್ಷಪಾತವಾಗಿದ್ದರೂ ಸೇಡಿನ ವಾಸನೆ ಅಂಟುತ್ತದೆ. ಟ್ರೂಮನ್ ತನಿಖೆ ಮಾಡಿದ್ದು ತಮ್ಮದೇ ಪಕ್ಷದ ಸರ್ಕಾರವನ್ನು, ಅದೂ ಯುದ್ಧದ ನಡುವೆ.

ಇದಕ್ಕೆಲ್ಲ ಒಂದು ಬಲವಾದ ಆಕ್ಷೇಪವಿದೆ. ಹೀಗೆ ಮೇಲಿಂದ ಮೇಲೆ ವಿಚಾರಣೆ ನಡೆಸಿದರೆ ಯಾವ ಅಧಿಕಾರಿ ಸಹಿ ಹಾಕುತ್ತಾನೆ? ಬೊಫೋರ್ಸ್ ಫಿರಂಗಿ ಖರೀದಿಯ ಗದ್ದಲದ ನಂತರ ದಶಕಗಳ ಕಾಲ ನಮ್ಮ ಸೈನ್ಯಕ್ಕೆ ಹೊಸ ದೊಡ್ಡ ಫಿರಂಗಿ ಬರಲಿಲ್ಲ, ಕಾರ್ಗಿಲಿನಲ್ಲಿ ನೆರವಿಗೆ ಬಂದದ್ದು ಅದೇ ಬೊಫೋರ್ಸ್. ಭಯವೂ ದೇಶಕ್ಕೆ ನಷ್ಟ ಮಾಡುತ್ತದೆ. ಈ ಭಯವನ್ನು ಗಮನದಲ್ಲಿಟ್ಟೇ 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿಯಾಯಿತು. ಅಧಿಕಾರಿಯ ನಿರ್ಣಯವನ್ನು ತನಿಖೆ ಮಾಡಲು ಪೂರ್ವಾನುಮತಿ ಬೇಕೆಂಬ 17(ಎ) ಕಲಮು ಬಂತು. ನನಗೆ ಈ ರಕ್ಷಣೆ ಅರ್ಧ ಮಾತ್ರ ಸರಿ ಎನಿಸುತ್ತದೆ. ಪ್ರಾಮಾಣಿಕನಿಗೂ ಅಪ್ರಾಮಾಣಿಕನಿಗೂ ಅದು ಒಂದೇ ಕೊಡೆ ಹಿಡಿಯುತ್ತದೆ. ಕಾರಣ ಬರೆದವನಿಗೆ ರಕ್ಷಣೆ, ಬರೆಯದವನಿಗೆ ಇಲ್ಲ ಎಂದಿದ್ದರೆ ಬರೆಯುವ ಅಭ್ಯಾಸವಾದರೂ ಬೆಳೆಯುತ್ತಿತ್ತು.

ಬೆಲೆಯ ವಿಷಯದಲ್ಲಿ ನಮ್ಮ ಪಾರದರ್ಶಕತೆ ಕಾಯ್ದೆಗೆ ಒಂದು ಕಲಮು ಸೇರಬೇಕೆಂಬುದು ನನ್ನ ಅಭಿಪ್ರಾಯ. ತುರ್ತಿನ ಹೆಸರಿನಲ್ಲಿ ಟೆಂಡರಿಲ್ಲದೆ ಕೊಟ್ಟ ಪ್ರತಿ ಗುತ್ತಿಗೆಯೂ ನಿಗದಿತ ದಿನ ತಾನಾಗಿ ಕೊನೆಗೊಳ್ಳಬೇಕು. ಆಮೇಲೆ ಸ್ವತಂತ್ರ ಅಧಿಕಾರಿಯೊಬ್ಬರು ಮಾರುಕಟ್ಟೆಯ ದರದೊಡನೆ ಹೋಲಿಸಿ, ಹೆಚ್ಚಾಗಿ ಸಂದದ್ದನ್ನು ಅಪರಾಧದ ಆರೋಪವಿಲ್ಲದೆಯೇ ವಸೂಲು ಮಾಡಬೇಕು. ಹಾಗಾದರೆ ತುರ್ತಿನಲ್ಲಿ ಯಾರೂ ಸಾಮಾನು ಕೊಡಲು ಮುಂದೆ ಬರುವುದಿಲ್ಲ ಎಂದು ಗುತ್ತಿಗೆದಾರರು ಹೇಳುತ್ತಾರೆ. 1942ರಲ್ಲಿ ಅಮೆರಿಕದಲ್ಲೂ ಕಂಪನಿಗಳು ಹೆಚ್ಚುವರಿ ಲಾಭವನ್ನು ವಸೂಲು ಮಾಡುವ ಆ ಕಾಯ್ದೆಯನ್ನು ವಿರೋಧಿಸಿದವು. ಆದರೆ ಯುದ್ಧ ಮುಗಿಯುವವರೆಗೂ ಅಲ್ಲಿನ ಕಾರ್ಖಾನೆಗಳಲ್ಲಿ ವಿಮಾನ, ಹಡಗುಗಳ ತಯಾರಿಕೆ ನಿಲ್ಲಲಿಲ್ಲ.